ಹೆಸರು ಹೇಳಿ ಒಪ್ಪಿಸುವುದು

"ಪ್ರಭುವೇ, ನನ್ನ ಬಾಳನ್ನೆಲ್ಲ ನಿನಗೆ ಒಪ್ಪಿಸಿದ್ದೇನೆ" ಎಂಬ ಬೆಳಗಿನ ಪ್ರಾರ್ಥನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟು ಹೇಳಿದ ಮಾತ್ರಕ್ಕೆ ನಮ್ಮ ಹಿಡಿತದಿಂದ ಒಂದೂ ಸಡಿಲವಾಗುವುದಿಲ್ಲ. ಬಾಳೆಲ್ಲ ಎನ್ನುವುದು ತೀರ ದೊಡ್ಡದು. ಜುಲೈ ತಿಂಗಳ ಸಾಲದ ಕಂತು, ಗೋವಾದಲ್ಲಿ ಕೆಲಸಕ್ಕಿರುವ ಮಗ ಭಾನುವಾರದ ಪೂಜೆಗೆ ಹೋದನೋ ಇಲ್ಲವೋ ಎಂಬ ಕಳವಳ, ಪಕ್ಕದ ಮನೆಯವರು ಬೇಲಿಯನ್ನು ಒಂದು ಮೊಳ ಈಚೆಗೆ ತಂದರೆಂಬ ಸಿಟ್ಟು, ಇವು ಯಾವುವೂ ಆ ಪ್ರಾರ್ಥನೆಯೊಳಗೆ ಬಂದಿರುವುದಿಲ್ಲ. ಬಂದಿಲ್ಲದ್ದನ್ನು ಒಪ್ಪಿಸುವುದಾದರೂ ಹೇಗೆ? ಕಾರವಾರದಲ್ಲಿ ಮೀನಿನ ಆದಾಯದ ಮೇಲೆ ನಡೆಯುವ ನಮ್ಮಂಥ ಮನೆಯಲ್ಲಿ ಯೇಸುವಿನ ಹಿಂದೆ ನಡೆಯಲು ನಾನು ಹಿಡಿದಿರುವ ಕ್ರಮ ಸರಳವಾದದ್ದು. ದಿನಕ್ಕೆ ಒಂದೆರಡು ಸಂಗತಿಯನ್ನು ಹೆಸರು ಹೇಳಿ, ಅದೇ ದಿನ ಅವರ ಕೈಗೆ ಬಿಡುವುದು.

ಯಾವುದನ್ನು ಬಿಡಬಾರದು ಎಂಬುದು ಮೊದಲು ತಿಳಿದಿರಬೇಕು. ಬೈತಖೋಲ ಬಂದರಿನಿಂದ ಬೋಟು ಹೊರಡುವ ಮೊದಲು ಡೀಸೆಲ್, ಐಸ್, ಬಲೆ, ಎಂಜಿನ್ ನೋಡಿಕೊಳ್ಳುವುದು ಬೋಟು ನಡೆಸುವ ತಾಂಡೇಲನ ಜವಾಬ್ದಾರಿ. ಪ್ರಾರ್ಥನೆ ಮಾಡಿದ್ದೇನೆಂದು ಅದು ಇಳಿಯುವುದಿಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ "ದೇವರ ಮೇಲೆ ಭಾರ ಹಾಕಿದ್ದೇನೆ" ಎಂದು ಕಡಲಿಗಿಳಿದರೆ ಅದು ದೇವರನ್ನು ಪರೀಕ್ಷೆಗೆ ಒಡ್ಡಿದಂತೆ. ದೇವಾಲಯದ ತುದಿಯಿಂದ ಧುಮುಕು ಎಂದ ಸೈತಾನನಿಗೆ ಯೇಸು ಕೊಟ್ಟ ಉತ್ತರ ಇದೇ (ಮತ್ತಾಯ 4:7). ನಂಬಿಕೆಯ ಹೆಸರಿನಲ್ಲಿ ಬಿಪಿ ಮಾತ್ರೆ ನಿಲ್ಲಿಸುವುದೂ, ಲೆಕ್ಕ ಬರೆಯದಿರುವುದೂ ಅದೇ ಸಾಲಿಗೆ ಸೇರುತ್ತವೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಹೇಳಿದವರು ಯೇಸುವೇ (ಲೂಕ 14:28). ನಾವು ಬಿಡಬೇಕಾದದ್ದು, ಮಾಡಿದ ಕೆಲಸ ನಾನು ಅಂದುಕೊಂಡ ಹಾಗೆಯೇ ಫಲ ಕೊಡಬೇಕೆಂಬ ಹಟವನ್ನು.

ಲೂಕನ 5ನೇ ಅಧ್ಯಾಯ ಕಡಲ ದಂಡೆಯವರಿಗೆ ಬೇರೆಯವರಿಗಿಂತ ಹೆಚ್ಚು ತಾಗುತ್ತದೆ. ಬಲೆ ಬೀಸು ಎಂದವರು ಗುಡ್ಡದ ಊರಾದ ನಜರೇತಿನಲ್ಲಿ ಬೆಳೆದ ಬಡಗಿ. ಕೇಳಿಸಿಕೊಂಡವನು ಪೇತ್ರ, ಕಸುಬಿನ ಮೀನುಗಾರ, ಅದೂ ರಾತ್ರಿಯಿಡೀ ದುಡಿದು ಬರಿಗೈಯಲ್ಲಿ ಬಂದು ಬಲೆ ತೊಳೆಯುತ್ತಿದ್ದವನು. ಪೇತ್ರ ತನ್ನ ಅನುಭವವನ್ನು ನುಂಗಿಕೊಳ್ಳಲಿಲ್ಲ. ರಾತ್ರಿಯಿಡೀ ಹೆಣಗಿದರೂ ಏನೂ ಸಿಗಲಿಲ್ಲ ಎಂದು ನೇರವಾಗಿ ಹೇಳಿ, ಆಮೇಲೆ ಅವರ ಮಾತಿನ ಮೇಲೆ ಬಲೆ ಹಾಕಿದ. ಒಪ್ಪಿಸುವ ಮೊದಲು ನಮ್ಮ ಅಭಿಪ್ರಾಯವನ್ನು ದೇವರ ಮುಂದೆ ಪೂರ್ತಿ ಹೇಳಬಹುದು, ಹೇಳಲೇಬೇಕು. ಹೇಳದೆ ಅದುಮಿಟ್ಟದ್ದು ಮಧ್ಯಾಹ್ನದೊಳಗೆ ಗೊಣಗಾಟವಾಗಿ ಹೊರಬರುತ್ತದೆ. ಮುಂದೆ 11ನೇ ವಚನದಲ್ಲಿ ಅವರು ದೋಣಿಗಳನ್ನು ದಡಕ್ಕೆ ತಂದು ಎಲ್ಲವನ್ನೂ ಬಿಟ್ಟು ಯೇಸುವಿನ ಹಿಂದೆ ಹೋಗುತ್ತಾರೆ. ಬಿಟ್ಟದ್ದು ಬಲೆ ಬರಿದಾದ ದಿನವಲ್ಲ, ಬಲೆ ಹರಿಯುವಷ್ಟು ಮೀನು ಸಿಕ್ಕ ದಿನ. ನಷ್ಟದ ದಿನ ದೇವರಿಗೆ ಒಪ್ಪಿಸುವುದಕ್ಕಿಂತ ಬಂಗಡೆ ರಾಶಿ ಬಿದ್ದ ದಿನ ಒಪ್ಪಿಸುವುದು ಬಹಳ ಕಷ್ಟ.

ಬೆಳಿಗ್ಗೆ ಕಾಲು ಗಂಟೆ ಸಾಕು, ಆದರೆ ಅದು ಫೋನು ಮುಟ್ಟುವ ಮೊದಲಿನ ಕಾಲು ಗಂಟೆಯಾಗಿರಬೇಕು. ವಾಟ್ಸಾಪಿನ ಒಂದು ಸಂದೇಶ ಕಣ್ಣಿಗೆ ಬಿದ್ದರೆ ಆ ದಿನದ ಯಜಮಾನಿಕೆ ಆಗಲೇ ಬೇರೆಯವರ ಪಾಲಾಯಿತು. ಮೊದಲ ಎರಡು ಮೂರು ನಿಮಿಷ ಸುಮ್ಮನೆ ಕೂರುವುದು. ಅಂದಿನ ಪೂಜೆಯಲ್ಲಿ ಓದುವ ಶುಭಸಂದೇಶದ (ಯೇಸುವಿನ ಬಾಳಿನ ಕಥನದ) ಭಾಗವನ್ನು ಎರಡು ಸಲ ಓದುವುದು, ಎರಡನೇ ಸಲ ಬಾಯಿಬಿಟ್ಟು. ಇವತ್ತೇ ಮಾಡಲು ಬರುವಂಥ ಒಂದು ಮಾತು ಅದರಲ್ಲಿ ಇದೆಯೇ ಎಂದು ಹುಡುಕುವುದು. ಆಮೇಲೆ ಸಣ್ಣ ನೋಟ್‌ಬುಕ್ಕಿನಲ್ಲಿ ಮನಸ್ಸನ್ನು ಹಿಡಿದಿರುವ ಸಂಗತಿಯನ್ನು ಮೂರು ಭಾಗ ಮಾಡಿ ಬರೆಯುವುದು. ಉದಾಹರಣೆಗೆ:

ಸಂಗತಿ: ಸಂಘದ ಸಾಲದ ಕಂತು.
ನನ್ನ ಪಾಲಿನ ಕೆಲಸ: 11 ಗಂಟೆಗೆ ಸಂಘಕ್ಕೆ ಹೋಗಿ, ಈ ತಿಂಗಳು ಇಷ್ಟೇ ಕಟ್ಟಲಾಗುತ್ತದೆ ಎಂದು ಹೇಳುವುದು.
ಬಿಟ್ಟದ್ದು: ಗಡುವು ಕೊಡುತ್ತಾರೋ ಇಲ್ಲವೋ, ಅಲ್ಲಿದ್ದವರು ನನ್ನ ಬಗ್ಗೆ ಏನು ಅಂದುಕೊಳ್ಳುತ್ತಾರೆ ಎಂಬುದು.

ಎಡವುವುದು ಹೆಚ್ಚಾಗಿ ಎರಡನೇ ಸಾಲಿನಲ್ಲಿ. "ಮಗನಿಗೆ ಬುದ್ಧಿ ಬರುವಂತೆ ಮಾಡುವುದು" ಎಂದು ಬರೆದರೆ ಅದು ನನ್ನ ಕೆಲಸವಲ್ಲ, ಪವಿತ್ರಾತ್ಮರ ಕೆಲಸ. ನನ್ನ ಪಾಲು ಎಂದು ಬರೆದದ್ದಕ್ಕೆ ಒಂದು ಹೊತ್ತು ಗೊತ್ತಾಗಿರಬೇಕು, ಮತ್ತು ಬೇರೆ ಯಾರೂ ಒಪ್ಪದಿದ್ದರೂ ನಾನೊಬ್ಬಳೇ ಅದನ್ನು ಮುಗಿಸುವಂತಿರಬೇಕು. ಮೂರನೇ ಸಾಲಿನಲ್ಲಿ ನಿಜವಾಗಿ ಭಯವಾಗುವುದನ್ನೇ ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ ಗಡುವಿಗಿಂತ ಮಾನದ ಪ್ರಶ್ನೆ ದೊಡ್ಡದು. ಅದನ್ನು ಬರೆಯದೆ ಬಿಟ್ಟರೆ ಇಡೀ ಅಭ್ಯಾಸ ಬರೀ ನೆಪವಾಗುತ್ತದೆ. ದಿನಕ್ಕೆ ಮೂರು ಸಂಗತಿಗಿಂತ ಹೆಚ್ಚು ಬರೆಯಬಾರದು. ಐದಾರು ಬರೆದರೆ ಪ್ರಾರ್ಥನೆ ಹೋಗಿ ಕೆಲಸದ ಪಟ್ಟಿ ಉಳಿಯುತ್ತದೆ. ಬರೆದಾದ ಮೇಲೆ ಎದ್ದು ನಿಂತು, ಅಂಗೈ ಬಿಚ್ಚಿ, ಮೂರನೇ ಸಾಲನ್ನು ಗಟ್ಟಿಯಾಗಿ ಓದಿ, ಪ್ರಭು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಬೇಕು. "ನಿನ್ನ ಚಿತ್ತ ನೆರವೇರಲಿ" ಎಂಬಲ್ಲಿ ಒಂದು ಉಸಿರು ನಿಲ್ಲಿಸಬೇಕು.

ಸಮಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ಹೆದ್ದಾರಿ 66 ಯಾವಾಗ ಮುಚ್ಚುತ್ತದೋ ಯಾರಿಗೂ ತಿಳಿಯದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಈ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕೋಬನ ಪತ್ರ (4:13-15) ನಾಳೆ ಆ ಊರಿಗೆ ಹೋಗುತ್ತೇವೆ, ವ್ಯಾಪಾರ ಮಾಡುತ್ತೇವೆ ಎನ್ನುವವರಿಗೆ, ಪ್ರಭುವಿನ ಚಿತ್ತವಿದ್ದರೆ ಎಂದು ಸೇರಿಸಿಕೊಳ್ಳಲು ಕಲಿಸುತ್ತದೆ. ಹಾಗೆಂದು ಕೊಟ್ಟ ಹೊತ್ತಿಗೆ ಹೋಗದಿರುವುದಕ್ಕೆ ಅದು ಕುಂಟು ನೆಪವಾಗಬಾರದು. ನಾನು ಎರಡು ಕೆಲಸಗಳ ನಡುವೆ ಅರ್ಧ ಗಂಟೆ ಖಾಲಿ ಇಡುತ್ತೇನೆ. ಬಾಗಿಲಿಗೆ ಬಂದವರಿಗೆ, ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುವವರಿಗೆ ಕೊಡಲು ಇಟ್ಟ ಹೊತ್ತು ಅದು. ಖಾಲಿ ಜಾಗವೇ ಇಲ್ಲದ ದಿನದಲ್ಲಿ ಪ್ರತಿಯೊಬ್ಬ ಮನುಷ್ಯನೂ ಅಡ್ಡಿಯಾಗಿಯೇ ಕಾಣುತ್ತಾನೆ.

ಹಣದ ವಿಷಯ ಉದ್ದವಿದೆ, ಏಕೆಂದರೆ ಹಿಡಿತ ಅಡಗಿ ಕೂರುವುದು ಹೆಚ್ಚಾಗಿ ಅಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಹತ್ತು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಉಣ್ಣಬೇಕು. "ನಾಳಿನ ಚಿಂತೆ ಮಾಡಬೇಡಿರಿ" ಎಂದ ಯೇಸುವಿನ ಮಾತು ಇಂಥ ಮನೆಗೆ ಹೇಗೆ ಹೊಂದುತ್ತದೆ? ವಿಮೋಚನಕಾಂಡದ 16ನೇ ಅಧ್ಯಾಯ ನೋಡಿ. ಮರುಭೂಮಿಯಲ್ಲಿ ದೇವರು ಇಸ್ರಯೇಲರಿಗೆ ಕೊಟ್ಟ ಆಹಾರವಾದ ಮನ್ನವನ್ನು ತಲೆಗೊಂದು ಅಳತೆ, ಅಂದರೆ ಒಂದು ಓಮೆರ್‌ನಂತೆ ಅಂದಂದಿಗೆ ಕೂಡಿಸಬೇಕಿತ್ತು. ಭಯದಿಂದ ಬೆಳಗಿನ ತನಕ ಇಟ್ಟುಕೊಂಡದ್ದು ಹುಳುಬಿದ್ದು ನಾರಿತು. ಆರನೇ ದಿನ ಮಾತ್ರ ದೇವರ ಮಾತಿನಂತೆ ಎರಡರಷ್ಟು ಕೂಡಿಸಿದರು, ಅದು ಕೆಡಲಿಲ್ಲ. ಕೂಡಿಡುವುದು ಒಂದೇ ಕೆಲಸ, ಆದರೆ ಒಂದು ಭಯದ್ದು, ಇನ್ನೊಂದು ವಿಧೇಯತೆಯದ್ದು. ಮೇ ತಿಂಗಳಲ್ಲಿ ಒಣಗಿಸಿ ಇಡುವ ಮೀನು, ನಿಷೇಧದ ತಿಂಗಳಿಗೆಂದು ಎತ್ತಿಟ್ಟ ದುಡ್ಡು, ಎರಡೂ ಆರನೇ ದಿನದ ಮನ್ನ. ಗಂಡನಿಗೋ ಹೆಂಡತಿಗೋ ಗೊತ್ತಾಗದಂತೆ ಕಪಾಟಿನ ಹಿಂದೆ ಸೇರಿಸಿದ್ದು ಇನ್ನೊಂದು ಬಗೆಯದು.

ಲೆಕ್ಕ ಹೀಗೆ. ದುಡ್ಡು ಕೈಗೆ ಬಂದ ದಿನವೇ, ಖರ್ಚು ಶುರುವಾಗುವ ಮೊದಲು ಹತ್ತರಲ್ಲಿ ಒಂದು ಪಾಲು ದಾನಕ್ಕೆ, ಐದರಲ್ಲಿ ಒಂದು ಪಾಲು ಮಳೆಗಾಲಕ್ಕೆ. ಅಂದರೆ 10,000 ರೂಪಾಯಿ ಬಂದರೆ 1,000 ದಾನ, 2,000 ಮಳೆಗಾಲದ ಖಾತೆಗೆ, ಉಳಿದ 7,000 ಮನೆಗೆ ಮತ್ತು ಸಾಲಕ್ಕೆ. ಎರಡು ತಿಂಗಳಿಗೆ ಆರರಲ್ಲಿ ಒಂದು ಪಾಲಾದರೂ ನಡೆಯುತ್ತದೆ, ಆದರೆ ಶಾಲೆಯ ಫೀಸು, ಬಲೆ ಮತ್ತು ಎಂಜಿನ್ ರಿಪೇರಿ ಎಲ್ಲ ಬರುವುದು ಅದೇ ಹೊತ್ತಿಗೆ. ಯೋಸೇಫ ಈಜಿಪ್ಟಿನಲ್ಲಿ ಸುಗ್ಗಿಯ ವರ್ಷಗಳಲ್ಲಿ ಎತ್ತಿಡಿಸಿದ್ದೂ ಐದನೇ ಒಂದು ಪಾಲನ್ನೇ (ಆದಿಕಾಂಡ 41:34). ಸಾಲ ಕುತ್ತಿಗೆಗೆ ಬಂದಿದ್ದರೆ ಮತ್ತೊಂದು ಸಾಲ ಮಾಡಿ ದಾನ ಕೊಡಬಾರದು. ಇರುವುದರಲ್ಲಿ ಕೊಟ್ಟದ್ದೇ ಒಪ್ಪಿಗೆಯಾಗುತ್ತದೆ, ಇಲ್ಲದ್ದರಲ್ಲಿ ಅಲ್ಲ ಎಂದು ಪೌಲನೇ ಬರೆದಿದ್ದಾನೆ (2 ಕೊರಿಂಥ 8:12). ಒಬ್ಬಂಟಿ ಅಜ್ಜಿಯ ಮನೆಗೆ ಒಂದು ಹಿಡಿ ತಾರ್ಲೆ ಮೀನು ಮುಟ್ಟಿಸಿದರೂ ಅದು ದಾನವೇ.

ಕೊಟ್ಟ ಮೇಲೂ ಹಿಡಿತ ಉಳಿಯುವುದುಂಟು. ಚರ್ಚಿನ ಕಲ್ಲಿನ ಮೇಲೆ ಹೆಸರು ಬರಬೇಕು, ಹಬ್ಬದ ದಿನ ಮುಂದಿನ ಬೆಂಚು ಬೇಕು, ಸಹಾಯ ಪಡೆದವರು ಎದುರಿಗೆ ಸಿಕ್ಕಾಗ ನಿಂತು ಮಾತಾಡಿಸಬೇಕು. ಇದಕ್ಕೆ ಮದ್ದು ಗುಟ್ಟಾಗಿ ಕೊಡುವುದು (ಮತ್ತಾಯ 6:3). ಕೈಸಾಲ ಕೊಡುವ ಮೊದಲು, ಈ ದುಡ್ಡು ಮರಳಿ ಬಾರದಿದ್ದರೂ ಇವರ ಪಕ್ಕದಲ್ಲಿ ಕುಳಿತು ಪರಮಪ್ರಸಾದ ಸ್ವೀಕರಿಸಲು ನನಗೆ ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಆಗುವಷ್ಟು ಮಾತ್ರ ಕೊಡಬೇಕು. ಅದಕ್ಕಿಂತ ದೊಡ್ಡ ಮೊತ್ತಕ್ಕೆ ಕಾಗದ ಮಾಡಿಸುವುದು ಅವಿಶ್ವಾಸವೇನಲ್ಲ, ಇಬ್ಬರಿಗೂ ಅದು ಕಾವಲು.

ಮಕ್ಕಳ ವಿಷಯದಲ್ಲಿ ಹಿಡಿತ ಯಾವಾಗಲೂ ಕಾಳಜಿಯ ವೇಷದಲ್ಲೇ ಬರುತ್ತದೆ. ಲೂಕನ 15ನೇ ಅಧ್ಯಾಯದ ತಂದೆ ಮಗ ಕೇಳಿದ ಪಾಲನ್ನು ಕೊಟ್ಟ, ಹೋಗಲು ಬಿಟ್ಟ, ಆ ದೂರದ ದೇಶಕ್ಕೆ ಆಳು ಕಳಿಸಿ ವಿಚಾರಿಸಲಿಲ್ಲ. ಮಗ ಇನ್ನೂ ದೂರದಲ್ಲಿ ಬರುತ್ತಿರುವಾಗಲೇ ಕಂಡು ಓಡಿದ. ಬೆಳೆದ ಮಕ್ಕಳಿಗೆ ಇದನ್ನೇ ಅನ್ವಯಿಸುವುದು. ಬೆಳಿಗ್ಗೆ ಯಾವುದನ್ನು "ಬಿಟ್ಟದ್ದು" ಎಂದು ಬರೆದಿದ್ದೇವೋ ಅದನ್ನು ಆ ದಿನದ ಫೋನಿನಲ್ಲಿ ನಾವಾಗಿ ಎತ್ತುವುದಿಲ್ಲ. ಊಟ, ಕೆಲಸ, ಆರೋಗ್ಯ ಕೇಳುತ್ತೇವೆ. ಅವರಾಗಿ ಎತ್ತಿದರೆ ಪೂರ್ತಿ ಕೇಳಿ, ಬುದ್ಧಿಮಾತನ್ನು ಒಂದೇ ಸಲ ಹೇಳುತ್ತೇವೆ. ಒಂಬತ್ತು ವರ್ಷದ ಮಗುವಿನ ಶಾಲೆ, ಫೋನು, ಸಹವಾಸ ಇದಕ್ಕೆ ಸೇರಿದ್ದಲ್ಲ. ಅದು ಹೆತ್ತವರ ಪಾಲಿನ ಕೆಲಸ, ಎರಡನೇ ಸಾಲಿಗೆ ಸೇರಿದ್ದು.

ಬೇಲಿ ಜಗಳದಂಥದ್ದಕ್ಕೆ ಮತ್ತಾಯನ ಶುಭಸಂದೇಶದಲ್ಲೇ ದಾರಿಯಿದೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ರಾಜಿಯಾಗು (5:23-24). ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು (18:15-16). ಶನಿವಾರ ಸಂಜೆ ಹೋಗುವುದು ಒಳ್ಳೆಯದು. ಭಾನುವಾರದ ಪೂಜೆ ಎದುರಿಗೇ ಇರುತ್ತದೆ. ಸರ್ವೆ ಮಾಡಿಸಿ ಗಡಿ ಗುರುತಿಸಿಕೊಳ್ಳಬಹುದು. ಬಿಡಬೇಕಾದದ್ದು, "ತಪ್ಪಾಯಿತು" ಎಂಬ ಮಾತು ಅವರ ಬಾಯಿಂದ ಬಂದೇ ತೀರಬೇಕೆಂಬ ಹಟವನ್ನು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕ್ರಿಸ್ತನಿಗೆ ಒಪ್ಪಿಸಿಕೊಳ್ಳುವುದೆಂದರೆ ಹೊಡೆಯುವ ಗಂಡನಿಗೆ, ಹೆದರಿಸುವ ಹಿರಿಯರಿಗೆ, ಯಾವುದೇ ಧರ್ಮಗುರುವಿನ ಅನ್ಯಾಯಕ್ಕೆ ತಲೆಬಾಗುವುದಲ್ಲ. "ನಿನ್ನ ಶಿಲುಬೆ, ಹೊತ್ತುಕೋ" ಎಂದು ಅಂಥ ಹೆಣ್ಣುಮಗಳಿಗೆ ಹೇಳುವವರು ಶುಭಸಂದೇಶವನ್ನು ತಿರುಚುತ್ತಾರೆ. ಅಲ್ಲಿ ಮಾಡಬೇಕಾದ ವಿಧೇಯತೆ ಸುರಕ್ಷಿತ ಜಾಗಕ್ಕೆ ಹೋಗುವುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098.

ದೊಡ್ಡ ತೀರ್ಮಾನಗಳಿಗೆ ಸಂತ ಇಗ್ನಾಸಿ ಲೊಯೋಲಾ (1491–1556) ಕಲಿಸಿದ ಒಂದು ನಿಯಮ ನಮ್ಮ ಊರಿಗೆಂದೇ ಹೇಳಿದಂತಿದೆ: ಮನಸ್ಸು ಬತ್ತಿ ಕತ್ತಲಾದ ಹೊತ್ತಿನಲ್ಲಿ, ಮೊದಲು ತಿಳಿಯಾಗಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡ. ಬೋಟು ದಡದಲ್ಲಿ, ಕೈ ಖಾಲಿ, ಹೊರಗೆ ಬಿಡದ ಮಳೆ. ಬೋಟು ಮಾರಿಬಿಡೋಣ, ಮಗಳ ಓದು ನಿಲ್ಲಿಸೋಣ ಎಂಬ ಮಾತುಗಳು ಹುಟ್ಟುವುದು ಜುಲೈಯಲ್ಲೇ. ಅಂಥದ್ದನ್ನು ಬರೆದಿಟ್ಟು, ಮೀನುಗಾರಿಕೆ ಶುರುವಾಗಿ ಒಂದು ತಿಂಗಳಾದ ಮೇಲೆ ಮತ್ತೆ ತೆಗೆದು ನೋಡಬೇಕು. ಕಾಯಿಲೆಯ ಚಿಕಿತ್ಸೆಯಂಥ ತಡೆಯಲಾಗದ್ದು ಇದಕ್ಕೆ ಹೊರತು. ನೋಡುವಾಗ ಇಗ್ನಾಸಿಯವರೇ ಹೇಳಿದ ಎರಡು ಒರೆಗಲ್ಲು ಸಾಕು: ನನಗೆ ಪರಿಚಯವೇ ಇಲ್ಲದ ಒಬ್ಬರು ಇದನ್ನೇ ಕೇಳಿದ್ದರೆ ಏನು ಹೇಳುತ್ತಿದ್ದೆ? ಸಾಯುವ ಹೊತ್ತಿನಲ್ಲಿ ಯಾವುದನ್ನು ಆರಿಸಿಕೊಂಡಿದ್ದರೆ ಚೆನ್ನಾಗಿತ್ತು ಎನಿಸೀತು?

ರಾತ್ರಿಯ ಹತ್ತು ನಿಮಿಷಕ್ಕೂ ಅವರದೇ ಐದು ಹೆಜ್ಜೆ: ಕೃತಜ್ಞತೆ, ಬೆಳಕು ಬೇಡುವುದು, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ, ನಾಳೆಯ ನಿಶ್ಚಯ. ಮನೆಯವರೆಲ್ಲ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳಿ ಎದ್ದ ಮೇಲೆ ಅದೇ ಜಾಗದಲ್ಲಿ ಕೂರುವುದು ಸುಲಭ. ಬೆಳಗಿನ ಮೂರನೇ ಸಾಲನ್ನು ತೆರೆದು, ಬಿಟ್ಟದ್ದನ್ನು ಎಲ್ಲಿ ಮರಳಿ ಎತ್ತಿಕೊಂಡೆ ಎಂದು ಹುಡುಕಬೇಕು. ಗುರುತುಗಳು ಖಚಿತವಾಗಿವೆ: ಒಬ್ಬರಿಗೇ ಮತ್ತೆ ಮತ್ತೆ ಫೋನು ಮಾಡುವುದು, ನೀಲಿ ಟಿಕ್ ಬಂತೇ ಎಂದು ನೋಡುವುದು, ಆಡದ ಜಗಳದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುವುದು, ಸಂಬಂಧವಿಲ್ಲದ ಮೂರನೆಯವರಿಗೆ ಹೇಳಿಕೊಳ್ಳುವುದು. ಕಂಡ ಕಡೆ ಒಂದು ಚುಕ್ಕಿ ಇಟ್ಟು, "ಪ್ರಭುವೇ, ಇದನ್ನು ಮತ್ತೆ ತೆಗೆದುಕೋ" ಎಂದು ಒಂದೇ ವಾಕ್ಯದಲ್ಲಿ ಕೊಟ್ಟು ಮಲಗಬೇಕು. ಅರ್ಧ ಗಂಟೆ ಪಶ್ಚಾತ್ತಾಪ ಪಡುತ್ತಾ ಕುಳಿತರೆ ಮತ್ತೆ ನನ್ನ ಬಗ್ಗೆಯೇ ಯೋಚಿಸುತ್ತಾ ಕುಳಿತಂತಾಯಿತು.

ಒಂದೇ ಸಂಗತಿಗೆ ಚುಕ್ಕಿಗಳು ಸಾಲುಗಟ್ಟಿದರೆ ಮೊದಲು ಎರಡನೇ ಸಾಲನ್ನು ಅನುಮಾನಿಸಬೇಕು. ಹೆಚ್ಚಿನ ಸಲ ನನ್ನ ಪಾಲಿನ ಕೆಲಸವೇ ಬಾಕಿ ಇರುತ್ತದೆ: ಸಂಘಕ್ಕೆ ಹೋಗಿರುವುದಿಲ್ಲ, ಪಕ್ಕದ ಮನೆಯ ಬಾಗಿಲು ತಟ್ಟಿರುವುದಿಲ್ಲ. ಮಾಡದ ಕೆಲಸವನ್ನು ಎಷ್ಟು ಸಲ ಒಪ್ಪಿಸಿದರೂ ಅದು ಚಿಂತೆಯಾಗಿ ಮರಳುತ್ತಲೇ ಇರುತ್ತದೆ. ಕೆಲಸ ಮುಗಿದಿದ್ದರೂ ಚುಕ್ಕಿ ನಿಲ್ಲದಿದ್ದರೆ ಮೂರನೇ ಸಾಲಿನಲ್ಲಿ ಬರೆದದ್ದಕ್ಕಿಂತ ಆಳದ ಭಯ ಒಂದಿದೆ ಎಂದರ್ಥ. ಅದನ್ನು ಪಾಪನಿವೇದನೆಗೆ ಹೋದಾಗ ಫಾದರ್ ಹತ್ತಿರ, ಅಥವಾ ಮಾತು ಹೊರಗೆ ಹಾಕದ ಒಬ್ಬ ಹಿರಿಯರ ಹತ್ತಿರ ಬಾಯಿಬಿಟ್ಟು ಹೇಳಬೇಕು. ನಿದ್ದೆ, ಊಟ ಎರಡೂ ಕೆಟ್ಟು ವಾರಗಳು ಕಳೆದಿದ್ದರೆ ವೈದ್ಯರ ಹತ್ತಿರ ಹೋಗುವುದೇ ಮರುದಿನದ ಎರಡನೇ ಸಾಲು.