ವಿಜಯಪುರವನ್ನು ಪೂರ್ವದಿಂದ ಪಶ್ಚಿಮಕ್ಕೆ ನೋಡುವ ಬಗೆ

ವಿಜಯಪುರಕ್ಕೆ ಬರುವ ಬಹುಪಾಲು ಪ್ರವಾಸಿಗರು ಗೋಳಗುಮ್ಮಟವನ್ನು ಹತ್ತಿ ಇಳಿದು, ಒಂದಿಷ್ಟು ಚಿತ್ರ ತೆಗೆದುಕೊಂಡು ಬಾದಾಮಿಯ ಕಡೆಗೆ ಹೊರಟುಬಿಡುತ್ತಾರೆ. ಸುಮಾರು ಇನ್ನೂರು ವರ್ಷ, 1686ರವರೆಗೆ, ಆದಿಲಶಾಹಿಗಳ ರಾಜಧಾನಿಯಾಗಿದ್ದ ಊರಿಗೆ ಇಷ್ಟು ಸಾಲದು. ಒಂದೇ ದಿನ ಕೈಯಲ್ಲಿದ್ದರೂ ಮುಖ್ಯವಾದುದನ್ನೆಲ್ಲ ನೋಡಲು ಸಾಧ್ಯವಿದೆ. ಆದರೆ ಬೆಳಿಗ್ಗೆ ಊರಿನ ಪೂರ್ವದಲ್ಲಿ ಆರಂಭಿಸಿ, ಸಂಜೆಯ ಹೊತ್ತಿಗೆ ಪಶ್ಚಿಮದ ಕೋಟೆಗೋಡೆಯನ್ನು ದಾಟುವಂತೆ ದಿನವನ್ನು ಯೋಜಿಸಿಕೊಳ್ಳಬೇಕು. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಇದಕ್ಕೆ ತಕ್ಕುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿಯನ್ನು ಮೀರುವುದರಿಂದ ಮಧ್ಯಾಹ್ನದ ತಿರುಗಾಟವನ್ನು ಕೈಬಿಡುವುದೇ ಲೇಸು. ಶುಕ್ರವಾರವನ್ನೂ ತಪ್ಪಿಸಿದರೆ ಒಳ್ಳೆಯದು. ಅಂದು ವಸ್ತುಸಂಗ್ರಹಾಲಯಕ್ಕೆ ರಜೆ, ಜುಮ್ಮಾ ಮಸೀದಿಯಲ್ಲಿ ಮಧ್ಯಾಹ್ನದ ಸಾಮೂಹಿಕ ಪ್ರಾರ್ಥನೆ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಶಾಲಾ ಮಕ್ಕಳ ಬಸ್ಸುಗಳು ಬಂದು ನಿಂತವೆಂದರೆ ಒಳಗೆ ಕೂಗಾಟ, ಶಿಳ್ಳೆಗಳ ಹೊರತು ಬೇರೇನೂ ಕೇಳಿಸದು. ಮಹಮ್ಮದ್ ಆದಿಲಶಾಹನ ಈ ಸಮಾಧಿ, ಅವನು ತೀರಿಕೊಂಡ 1656ರ ಹೊತ್ತಿಗೆ ಈಗಿನ ರೂಪಕ್ಕೆ ಬಂದಿತ್ತು. ಒಳಗೆ ಕಾಲಿಟ್ಟ ಕೂಡಲೇ ಮೆಟ್ಟಿಲು ಹುಡುಕದೆ, ನಡುವೆ ನಿಂತು ತಲೆಯೆತ್ತಿ ನೋಡಿ. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ವ್ಯಾಸವಿರುವ ಗುಮ್ಮಟಕ್ಕೆ ಕೆಳಗಿನಿಂದ ಒಂದೇ ಒಂದು ಕಂಬದ ಆಸರೆಯಿಲ್ಲ. ನಾಲ್ಕು ಗೋಡೆಗಳಿಂದ ಮೇಲೇರುವ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ, ಚೌಕವನ್ನು ಮೆಲ್ಲಗೆ ವೃತ್ತದತ್ತ ತಿರುಗಿಸಿ, ಆ ಭಾರವನ್ನೆಲ್ಲ ಗೋಡೆಗಳಿಗೆ ದಾಟಿಸುತ್ತವೆ. ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ತೋರಿಕೆಯವು. ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿವೆ.

ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಮೆಟ್ಟಿಲುಗಳು ಇಕ್ಕಟ್ಟಾಗಿವೆ, ಎತ್ತರವಾಗಿಯೂ ಇವೆ. ಮಂಡಿನೋವಿನವರು ಅಂತಸ್ತಿಗೊಮ್ಮೆ ಕಿಟಕಿಯ ಬಳಿ ನಿಂತು ಸುಧಾರಿಸಿಕೊಳ್ಳುತ್ತ ಹತ್ತಬಹುದು. ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ, ಗುಮ್ಮಟದ ಒಳಸುತ್ತಿನಲ್ಲಿ ಪಿಸುಮಾತಿನ ಗ್ಯಾಲರಿ ಇದೆ. ಇಲ್ಲಿ ಕೂಗುವುದರಿಂದ ಪ್ರತಿಧ್ವನಿಯೇನೋ ಸಿಗುತ್ತದೆ, ಆದರೆ ಕಟ್ಟಡದ ನಿಜವಾದ ಗುಣ ತಿಳಿಯುವುದು ಮೆಲ್ಲಗೆ ಮಾತಾಡಿದಾಗ. ಜೊತೆಗಾರರನ್ನು ನೇರ ಎದುರು ಬದಿಗೆ ಕಳಿಸಿ, ಗೋಡೆಗೆ ಕಿವಿಗೊಡಲು ಹೇಳಿ, ನೀವು ಈ ಬದಿಯ ಗೋಡೆಯತ್ತ ಬಾಯಿಟ್ಟು ಪಿಸುಗುಟ್ಟಿದರೆ, ಮಾತು ಬಾಗಿದ ಗೋಡೆಯನ್ನು ಸುತ್ತಿ ಅವರನ್ನು ಮುಟ್ಟುತ್ತದೆ. ಕಾಗದ ಹರಿದ ಸದ್ದೂ ಸ್ಪಷ್ಟವಾಗಿ ಕೇಳುತ್ತದೆ. ಇಳಿಯುವ ಮೊದಲು ಹೊರಗಿನ ಚಾವಣಿಗೆ ಬಂದು ಪಶ್ಚಿಮದ ಕಡೆ ಕಣ್ಣಾಡಿಸಿದರೆ ದಿನದ ಉಳಿದ ದಾರಿಯೆಲ್ಲ ಅಲ್ಲೇ ಹರಡಿಕೊಂಡಿರುತ್ತದೆ. ಮುಂಭಾಗದ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಇರುವ ವಸ್ತುಸಂಗ್ರಹಾಲಯ ಗುಮ್ಮಟಕ್ಕಿಂತ ತಡವಾಗಿ ತೆರೆಯುವುದರಿಂದ ಅದನ್ನು ಇಳಿದ ಮೇಲೆ ನೋಡುವುದು ಅನುಕೂಲ.

ಅಲ್ಲಿಂದ ಆಟೋದಲ್ಲಿ ಅಥವಾ ಟಾಂಗಾ ಸಿಕ್ಕರೆ ಟಾಂಗಾದಲ್ಲಿ ಜುಮ್ಮಾ ಮಸೀದಿಗೆ ಹೋಗಬಹುದು. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ ಆರಂಭವಾದ ಈ ಮಸೀದಿ ಇಂದಿಗೂ ಪ್ರಾರ್ಥನೆಯ ಸ್ಥಳವಾದ್ದರಿಂದ ಮೈಮುಚ್ಚುವ ಉಡುಪು ಬೇಕು. ಪಾದರಕ್ಷೆ ಹೊರಗೆ ಬಿಡಬೇಕಾಗಿರುವುದರಿಂದ ಕಾಯ್ದ ಕಲ್ಲಿನ ಅಂಗಳಕ್ಕೆ ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಒಳನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಗೆರೆ ಹಾಕಿದ 2,250 ಜಾಗಗಳಿದ್ದು, ಅವನ್ನು ಗುರುತಿಸಿದ್ದು ಔರಂಗಜೇಬನ ಕಾಲದಲ್ಲಿ. ಪ್ರಾರ್ಥನೆಯ ದಿಕ್ಕನ್ನು ತೋರುವ ಗೋಡೆಗೂಡಾದ, ಚಿನ್ನದ ಬಣ್ಣದ ಬರಹವಿರುವ ಮೆಹ್ರಾಬಿನ ಮೇಲೆ ಪರದೆ ಇಳಿಬಿಟ್ಟಿದ್ದರೆ ಅಲ್ಲಿನವರನ್ನು ವಿನಯದಿಂದ ಕೇಳಿಕೊಳ್ಳಬೇಕೇ ಹೊರತು ತಾವೇ ಸರಿಸಬಾರದು. ಸಮೀಪದ ಮೆಹತರ್ ಮಹಲು ಹೆಸರಿಗೆ ಮಹಲಾದರೂ ವಾಸ್ತವದಲ್ಲಿ ಒಂದು ಚಿಕ್ಕ ಮಸೀದಿಯ ಹೆಬ್ಬಾಗಿಲು. ಅದರ ಸಜ್ಜದ ಕೆಳಗಿನ ಆನಿಕೆಗಳಲ್ಲಿ ಕಲ್ಲನ್ನು ಮರದಷ್ಟೇ ನಾಜೂಕಾಗಿ ಕೊರೆದಿದ್ದಾರೆ.

ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ಮುಗಿಸಿ ಗಗನ ಮಹಲಿನ ದೊಡ್ಡ ಕಮಾನನ್ನೂ ಬಾರಾ ಕಮಾನನ್ನೂ ನೋಡಬಹುದು. ಬಾರಾ ಕಮಾನು ಎರಡನೆಯ ಅಲಿ ಆದಿಲಶಾಹನಿಗಾಗಿ ಆರಂಭವಾಗಿ ಅರ್ಧಕ್ಕೇ ನಿಂತ ಸಮಾಧಿ. ಹೊತ್ತು ಸಾಲದಿದ್ದರೆ ಗಗನ ಮಹಲನ್ನು ಬಿಡಬಹುದು, ಇದನ್ನಲ್ಲ. ಗುಮ್ಮಟವಿಲ್ಲದೆ ಬರಿದಾಗಿ ನಿಂತ ಕಪ್ಪು ಕಮಾನುಗಳಲ್ಲಿ ಆದಿಲಶಾಹಿ ಕಟ್ಟಡಗಳ ಒಳಹಂದರವೇ ಬಿಚ್ಚಿಟ್ಟಂತಿದೆ.

ಬಿಸಿಲು ಇಳಿಯತೊಡಗಿದ ಮೇಲೆ ಪಶ್ಚಿಮದ ಕೋಟೆಗೋಡೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಬಳಿಗೆ ಹೋಗಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಾಯಿಯನ್ನು ಸಿಂಹದ ತೆರೆದ ಬಾಯಿಯಂತೆ ರೂಪಿಸಿದ್ದಾರೆ. ಹತ್ತಿರ ಬಗ್ಗಿ ನೋಡಿದರೆ ಅದರ ಕೋರೆಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದು 150 ರೂಪಾಯಿಗೆ ಹರಾಜಾಗಿ, ಕೊನೆಗೆ ಆ ಮಾರಾಟ ರದ್ದಾಯಿತೆಂಬುದು ಅದರ ಮುಂದೆ ನಿಂತಾಗ ನಂಬಲಾಗದ ಸಂಗತಿ. ಸಮೀಪದ ಉಪ್ಪಲಿ ಬುರುಜನ್ನು ಹೊರಸುತ್ತಿನ ಮೆಟ್ಟಿಲುಗಳಿಂದ ಹತ್ತಬೇಕು, ಮಕ್ಕಳ ಕೈಬಿಡಬೇಡಿ.

ಇಬ್ರಾಹಿಂ ರೋಜಾಕ್ಕೆ ಕಡಿಮೆಯೆಂದರೂ ಒಂದು ಗಂಟೆ ಉಳಿಸಿಕೊಳ್ಳಬೇಕು. ನನ್ನ ಎಣಿಕೆಯಲ್ಲಿ ಊರಿನ ಅತ್ಯಂತ ಚೆಲುವಾದ ಕಟ್ಟಡ ಇದೇ. ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಎರಡನೆಯ ಇಬ್ರಾಹಿಂ ಆದಿಲಶಾಹನ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ಕೊಳ ಇರುವುದರಿಂದ ಸಂಜೆಯ ಬಿಸಿಲು ಸಮಾಧಿಯ ಮುಖಕ್ಕೆ ಬೀಳುತ್ತದೆ. ಸಮಾಧಿಯ ಕಲ್ಲಿನ ಕಿಟಕಿಗಳನ್ನು ತಡಮಾಡಿ ನೋಡಿ. ಅಲ್ಲಿ ಜಾಲಂದ್ರವಾಗಿರುವುದು ಹೂಬಳ್ಳಿಯಲ್ಲ, ಅರಬ್ಬಿ ಅಕ್ಷರಗಳೇ. ಅವುಗಳ ಸಂದಿನಿಂದಲೇ ಬೆಳಕು ಒಳಗೆ ಹೋಗಬೇಕು. ಒಳಕೋಣೆಯ ಸುಮಾರು 12 ಮೀಟರ್ ಚೌಕದ ಚಾವಣಿ ಬಹುತೇಕ ಸಮತಟ್ಟಾಗಿದೆ, ಆಸರೆಗೆ ತೊಲೆಯಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಅದು ಕಾಣದು, ಮೊಬೈಲಿನ ಟಾರ್ಚಿಗಿಂತ ಒಂದೆರಡು ನಿಮಿಷ ಕಾಯುವುದೇ ಹೆಚ್ಚು ಉಪಯುಕ್ತ. ಸಂಜೆ ಬಾಗಿಲು ಮುಚ್ಚುವ ವೇಳೆಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಮರಳುವ ಆಟೋವನ್ನು ಕಳಿಸಿಬಿಡದೆ ಹೊರಗೇ ನಿಲ್ಲಿಸಿಕೊಂಡರೆ ರಾತ್ರಿಯ ರೈಲು ಹಿಡಿಯಲು ಪರದಾಡಬೇಕಾಗುವುದಿಲ್ಲ.