ಹಳೇ ಎಂಎಕ್ಸ್-5 ಹ್ಯಾಂಡ್ ಬ್ರೇಕ್: ಮೊದಲು ಕ್ಯಾಲಿಪರ್, ಆಮೇಲೆ ಕೇಬಲ್

ಹ್ಯಾಂಡ್ ಬ್ರೇಕ್ ಸಡಿಲವಾಯಿತು ಅಂದ ಕೂಡಲೇ ಎಲ್ಲರ ಕೈ ಹೋಗುವುದು ಲಿವರ್ ಬುಡದ ನಟ್‌ಗೆ. ಒಂದೆರಡು ಸುತ್ತು ಬಿಗಿ ಮಾಡಿದರೆ ಲಿವರ್ ಗಟ್ಟಿಯಾಗುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಮಜ್ದಾ ಎಂಎಕ್ಸ್-5 ಅನ್ನುವ ಪುಟ್ಟ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಮೊದಲ ತಲೆಮಾರಿನಲ್ಲಿ ಇದು ಉಲ್ಟಾ ದಾರಿ. ನನ್ನ ಕಾರಿನಲ್ಲೂ ನನಗಿಂತ ಮುಂಚೆ ಯಾರೋ ಹೀಗೇ ಬಿಗಿ ಮಾಡಿಟ್ಟಿದ್ದರು. ನಟ್ ಹೆಚ್ಚುಕಮ್ಮಿ ಥ್ರೆಡ್ಡಿನ ಕೊನೆಗೆ ಬಂದಿತ್ತು. ಆದರೂ ಇಳಿಜಾರಲ್ಲಿ ಕಾರು ನಿಲ್ಲುತ್ತಿರಲಿಲ್ಲ.

ಇದು 1989ರಿಂದ 1997ರವರೆಗೆ ಬಂದ ಮಾದರಿ. ಹೆಡ್‌ಲೈಟ್ ಎದ್ದು ನಿಲ್ಲುತ್ತದಲ್ಲ, ಅದೇ. ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಊರು ತುಂಬ ಏರು, ಇಳಿಜಾರು. ಮಡಿಕೇರಿಯಲ್ಲಾದರೆ ಟೈರಿಗೊಂದು ಕಲ್ಲು ಕೊಟ್ಟು ಹೋಗಬಹುದು, ಇಲ್ಲಿನ ಬೀದಿಯಲ್ಲಿ ಹ್ಯಾಂಡ್ ಬ್ರೇಕೇ ಗತಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಹಳೇ ಕಾರುಗಳ ಹಿಂದಿನ ಬ್ರೇಕಿಗೆ ಆ ಉಪ್ಪೇ ದೊಡ್ಡ ಶತ್ರು.

ಒಳಗೆ ನಡೆಯುವುದು ಇಷ್ಟು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಒತ್ತಿ ಹಿಡಿಯುವ ಭಾಗವೇ ಕ್ಯಾಲಿಪರ್. ನೀವು ಲಿವರ್ ಎಳೆದಾಗ ಕೇಬಲ್ಲು ಹಿಂದಿನ ಕ್ಯಾಲಿಪರಿನ ಪುಟ್ಟ ತೋಳನ್ನು ಎಳೆಯುತ್ತದೆ. ಆ ತೋಳು ಒಳಗಿನ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡು ಡಿಸ್ಕನ್ನು ಹಿಡಿಯುತ್ತದೆ. ಪ್ಯಾಡು ಸವೆದಂತೆ ಅಂತರ ಜಾಸ್ತಿಯಾಗುತ್ತದೆ, ಅದನ್ನು ತುಂಬಿಕೊಳ್ಳಲು ಕ್ಯಾಲಿಪರಿನಲ್ಲೇ ಒಂದು ಅಡ್ಜಸ್ಟರ್ ಇದೆ. ಹ್ಯಾಂಡ್ ಬ್ರೇಕ್ ಬಿಟ್ಟಾಗ ತೋಳು ಪೂರ್ತಿ ಹಿಂದೆ ಬಂದು ತನ್ನ ತಡೆಗೆ ತಾಗಿದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಕೇಬಲ್ಲನ್ನು ಸುಮ್ನೆ ಬಿಗಿ ಮಾಡಿದರೆ ತೋಳು ಅರ್ಧದಲ್ಲೇ ನಿಂತುಬಿಡುತ್ತದೆ. ಅಂತರ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಬ್ರೇಕು ಉಜ್ಜುತ್ತಲೂ ಇರುತ್ತದೆ.

ಹಾಗಾಗಿ ನಾನು ಮೊದಲು ಮಾಡಿದ್ದು ಆ ನಟ್ಟನ್ನು ಚೆನ್ನಾಗಿ ಸಡಿಲ ಮಾಡುವುದು. ಲಿವರ್ ಮೇಲೆತ್ತಿ ಟಾರ್ಚ್ ಬಿಟ್ಟರೆ ಅದರ ಬುಡದಲ್ಲಿ ಕಾಣುತ್ತದೆ, 10 ಎಂ.ಎಂ. ಸಾಕೆಟ್ ಹಿಡಿಯುತ್ತದೆ. ಜಾಗ ಇಕ್ಕಟ್ಟು, ಸ್ವಲ್ಪ ತಾಳ್ಮೆ ಬೇಕು.

ಆಮೇಲೆ ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟೆ. ವ್ಹೀಲ್ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಹಿಂಭಾಗವನ್ನು ಡಿಫರೆನ್ಶಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬ) ಕೆಳಗಿನಿಂದ ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಪೂರ್ತಿ ಕೆಳಗೆ. ಹಿಂದಿನ ಚಕ್ರ ತಿರುಗಲೇಬೇಕು, ಅದಕ್ಕೆ.

ಚಕ್ರ ಬಿಚ್ಚಿ ನೋಡಿದರೆ ಬಲಗಡೆಯ ತೋಳು ತಡೆಗೆ ತಾಗಿ ನಿಂತಿತ್ತು. ಎಡಗಡೆಯದು ಅರ್ಧದಲ್ಲೇ. ಕೇಬಲ್ ಸಡಿಲವಾಗಿದ್ದರೂ ವಾಪಸ್ ಬಂದಿರಲಿಲ್ಲ. ತೋಳಿನ ದಂಡ ಒಳಹೋಗುವ ಕಡೆ ರಬ್ಬರ್ ಮುಚ್ಚಳ ಒಡೆದಿತ್ತು. ಬೆರಳಲ್ಲಿ ಸರಿಸಿದರೆ ಒಳಗಿನಿಂದ ಒದ್ದೆ ಕೆಂಪು ತುಕ್ಕು ಬಂತು. ಡಿಸ್ಕಿಗೆ ಪ್ಲಾಸ್ಟಿಕ್ ಹೊದಿಸಿ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಒಂದು ಹನಿಯೂ ಡಿಸ್ಕಿಗೋ ಪ್ಯಾಡಿಗೋ ತಾಗಬಾರದು. ಸ್ವಲ್ಪ ಹೊತ್ತು ಬಿಟ್ಟು ತೋಳನ್ನು ಹಿಂದೆ ಮುಂದೆ ಆಡಿಸಿದೆ. ಮೊದಮೊದಲು ಮರಳು ಸಿಕ್ಕಿಕೊಂಡಂತೆ ಕರಕರ. ಬರಬರುತ್ತಾ ಸ್ಪ್ರಿಂಗೇ ಅದನ್ನು ಟಕ್ ಅಂತ ಹಿಂದೆ ಎಳೆಯತೊಡಗಿತು. ಆ ಶಬ್ದ ಕೇಳಿದಾಗ ಆದ ಖುಷಿ ಇದೆಯಲ್ಲ, ಮನೆಯಲ್ಲೇ ಕಾರು ರಿಪೇರಿ ಮಾಡುವವರಿಗೆ ಗೊತ್ತು. ಇಷ್ಟಕ್ಕೂ ಬಿಡದಿದ್ದರೆ ಕ್ಯಾಲಿಪರ್ ಬಿಚ್ಚಿ ರಿಪೇರಿ ಮಾಡಿಸಬೇಕು. ಅದು ಹಾಗೇ ಇದ್ದು ಮುಂದಿನ ಅಡ್ಜಸ್ಟ್‌ಮೆಂಟ್ ಮಾಡಿದರೆ ಪ್ರಯೋಜನ ಇಲ್ಲ.

ಇನ್ನು ಮುಖ್ಯ ಕೆಲಸ. ಕ್ಯಾಲಿಪರಿನ ಹಿಂಬದಿಯಲ್ಲಿ, ಅಂದರೆ ಕಾರಿನ ಒಳಮುಖಕ್ಕೆ, 14 ಎಂ.ಎಂ. ಸ್ಪ್ಯಾನರಿಗೆ ಸಿಗುವ ಒಂದು ಬೋಲ್ಟ್ ಇದೆ. ಅದು ಬರೀ ಮುಚ್ಚಳ. ಬಿಚ್ಚಿದರೆ ಬ್ರೇಕ್ ಆಯಿಲ್ ಬರುವುದಿಲ್ಲ. ಆದರೆ ಬ್ರೇಕ್ ಪೈಪಿನ ಬೋಲ್ಟನ್ನೇ ಇದು ಅಂದುಕೊಂಡು ಬಿಚ್ಚಬೇಡಿ. ಒಳಗೆ 4 ಎಂ.ಎಂ. ಅಲೆನ್ ಕೀ ಕೂರುವ ತೂತು. ಅದರಲ್ಲಿ ಕೊಳೆ ತುಂಬಿರುತ್ತದೆ. ಸಣ್ಣ ಮೊಳೆಯಿಂದ ಕೆರೆದು ತೆಗೆದು, ಕೀ ಆಳಕ್ಕೆ ಇಳಿದ ಮೇಲೆಯೇ ತಿರುಗಿಸಿ. ಅಂಚು ಸವೆದರೆ ಕಷ್ಟ.

ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಡಿಸ್ಕು. ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾ ಹೋದೆ. ಮೊದಲು ಸವರುವ ಶಬ್ದ, ಆಮೇಲೆ ಡಿಸ್ಕ್ ಭಾರವಾಗಿ, ಕೊನೆಗೆ ಅಲ್ಲಾಡದಂತೆ ನಿಂತಿತು. ಅಲ್ಲಿಂದ ಮೂರನೇ ಒಂದು ಸುತ್ತು ಹಿಂದಕ್ಕೆ. ಈಗ ಡಿಸ್ಕ್ ಕೈಯಲ್ಲೇ ತಿರುಗಬೇಕು. ಎಲ್ಲೋ ಒಂದು ಕಡೆ ಸ್ವಲ್ಪ ಸವರಿದರೆ ಚಿಂತೆಯಿಲ್ಲ. ಇನ್ನೊಂದು ಬದಿಗೂ ಹೀಗೇ. ಮುಚ್ಚಳದ ಬೋಲ್ಟ್ ವಾಪಸ್ ಹಾಕಿ, ಬ್ರೇಕ್ ಪೆಡಲ್ಲನ್ನು ಕೆಲವು ಸಲ ಒತ್ತಿ, ಡಿಸ್ಕ್ ತಿರುಗುತ್ತದಾ ಅಂತ ಮತ್ತೊಮ್ಮೆ ನೋಡಿದೆ.

ಇಷ್ಟಾದ ಮೇಲೆಯೇ ಕೇಬಲ್. ಲಿವರನ್ನು ಸುಮಾರು 10 ಕೆ.ಜಿ. ಬಲದಲ್ಲಿ ಎಳೆದಾಗ 5ರಿಂದ 7 ಕ್ಲಿಕ್ ಬರಬೇಕು ಅನ್ನುವುದು ಕಂಪನಿಯ ಲೆಕ್ಕ. ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ 6ಕ್ಕೆ ನಿಲ್ಲಿಸಿದೆ. ನನ್ನ ಪ್ರಕಾರ ಅದೇ ಸರಿ. 5ಕ್ಕಿಂತ ಕಮ್ಮಿ ಮಾಡುವ ಆಸೆ ಬೇಡ. ಲಿವರ್ ಬಿಟ್ಟ ಮೇಲೆ ಎರಡೂ ತೋಳು ತಡೆಗೆ ತಾಗಿದೆಯಾ ಅಂತ ಕೆಳಗಿನಿಂದ ನೋಡುವುದನ್ನು ಮಾತ್ರ ಮರೆಯಬಾರದು.

ಚಕ್ರ ಹಾಕಿ, ಕಾರು ಇಳಿಸಿ, ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ ಒಂದು ಸುತ್ತು ಹೊಡೆದು ಬಂದೆ. ಬ್ರೇಕ್ ಜಾಸ್ತಿ ಬಳಸದೆ ಓಡಿಸಿ, ನಿಲ್ಲಿಸಿ, ಎರಡೂ ಹಿಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಪ್ಯಾಡು ಉಜ್ಜುತ್ತಿದೆ ಅಂತ ಅರ್ಥ. ಡಿಸ್ಕನ್ನು ಮುಟ್ಟಬೇಡಿ. ನನ್ನದರಲ್ಲಿ ಎರಡೂ ಕಡೆ ಒಂದೇ ಥರ ಇತ್ತು. ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವ ಇಲ್ಲಿನ ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ಇಂಥ ಕಾರಿನ ಹ್ಯಾಂಡ್ ಬ್ರೇಕಿಗೆ ಕನಿಷ್ಠ 16% ಸಾಮರ್ಥ್ಯ ಬೇಕು, ಅಂದರೆ ಹಿಡಿಯುವ ಬಲ ಕಾರಿನ ತೂಕದ ಅಷ್ಟು ಪಾಲಿರಬೇಕು. ಅದರಲ್ಲೂ ಆರಾಮಾಗಿ ಪಾಸಾಯಿತು.

ಪ್ಯಾಡ್ ಬದಲಿಸುವಾಗಲೂ ಇದೇ ಅಲೆನ್ ಕೀ ಬೇಕು. ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಪಿಸ್ಟನ್ ಒಳಗೆ ಸರಿಯುತ್ತದೆ. ಮುಂದಿನ ಬ್ರೇಕಿಗೆ ಮಾಡುವ ಹಾಗೆ ಕ್ಲ್ಯಾಂಪ್ ಹಾಕಿ ಒತ್ತಲು ಹೋಗಬೇಡಿ, ಒಳಗಿನ ಅಡ್ಜಸ್ಟರ್ ಹಾಳಾಗುತ್ತದೆ.