ವೆಂಟೂ ಬೆಟ್ಟದ ಹಿಂಬದಿಯ ರಸ್ತೆಗಳು: ದಕ್ಷಿಣ ಫ್ರಾನ್ಸ್‌ನಲ್ಲಿ ನನ್ನ ಸೈಕಲ್ ಅನುಭವ

ಫ್ರಾನ್ಸ್‌ನ ಗುಡ್ಡಗಾಡಿನಲ್ಲಿ ಸೈಕಲ್ ತುಳಿಯುತ್ತೇನೆ ಅಂದರೆ ಬೆಂಗಳೂರಿನ ಗೆಳೆಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಮಾಂಟ್ ವೆಂಟೂ ಹತ್ತಿದ್ಯಾ?’ ಹತ್ತಿದ್ದೇನೆ. ಚೆನ್ನಾಗಿದೆ, ಕಷ್ಟವೂ ಇದೆ, ಜನವೂ ಸಿಕ್ಕಾಪಟ್ಟೆ. ಆದರೆ ಸಂಬಳ ಬಂದ ವಾರ ರೈಲು ಹತ್ತಿ ನಾನು ಓಡುವುದು ಆ ಬೆಟ್ಟದ ಬೆನ್ನಿಗಿರುವ ಬರೊನಿ ಅನ್ನುವ ಸೀಮೆಗೆ. ವೊಕ್ಲೂಸ್ ಮತ್ತು ದ್ರೋಮ್ ಜಿಲ್ಲೆಗಳ ಗಡಿಯಲ್ಲಿರುವ ಜಾಗ. ಸಣ್ಣ ಸಣ್ಣ ಘಾಟಿಗಳು, ಏಪ್ರಿಕಾಟ್ ತೋಟ, ಆಲಿವ್ ತೋಪು, ಅರ್ಧ ಗಂಟೆಗೆ ಒಂದು ಕಾರು ಬಂದರೆ ಹೆಚ್ಚು.

ಕೆಲಸದ ಮೇಲೆ ನಾನಿರುವುದು ಲಿಯಾನ್‌ನಲ್ಲಿ. ಅಲ್ಲಿಂದ ರೋನ್ ನದಿಯ ಪಕ್ಕದಲ್ಲೇ ಹೋಗುವ ಟಿಇಆರ್ ಅನ್ನುವ ಲೋಕಲ್ ರೈಲಿನಲ್ಲಿ ಸೈಕಲ್ಲನ್ನು ಕೊಕ್ಕೆಗೆ ನೇತುಹಾಕಿ ಒರಾಂಜ್‌ನಲ್ಲಿ ಇಳಿಯುತ್ತೇನೆ. ಬೇಸಿಗೆ ರಜೆಯಲ್ಲಿ ಕೊಕ್ಕೆಗಳು ಬೇಗ ತುಂಬುತ್ತವೆ, ಬೆಳಗಿನ ಮೊದಲ ರೈಲೇ ಒಳ್ಳೆಯದು. ಒರಾಂಜ್‌ನಿಂದ ದ್ರಾಕ್ಷಿ ತೋಟಗಳ ನಡುವೆ ವೆಝೋನ್-ಲಾ-ರೊಮೆನ್‌ಗೆ ಹೆಚ್ಚೂಕಡಿಮೆ 30 ಕಿ.ಮೀ., ಏರು ಅನ್ನುವಂಥ ಏರೇನೂ ಇಲ್ಲ, ಕಾಲು ಬಿಸಿಯಾಗಲು ಸಾಕು. ವೆಝೋನ್‌ನಲ್ಲಿ ಉವೆಜ್ ನದಿಯ ಮೇಲೆ ರೋಮನ್ನರ ಕಾಲದ ಒಂದೇ ಕಮಾನಿನ ಸೇತುವೆ ಇದೆ. 1992ರ ಸೆಪ್ಟೆಂಬರ್‌ನಲ್ಲಿ ಊರಿಗೆ ಊರೇ ನಲುಗಿದ ಪ್ರವಾಹದಲ್ಲೂ ಅದು ಗಟ್ಟಿಯಾಗಿ ನಿಂತಿತು. ಮಂಗಳವಾರ ಸಂತೆ. ಅವತ್ತು ಊರೊಳಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕು, ತುಳಿಯುವ ಆಸೆ ಬಿಡಿ.

ದಾರಿ ಹೇಗೆ ಆರಿಸುತ್ತೇನೆ ಅಂತ ಹೇಳಬೇಕು, ಯಾಕೆಂದರೆ ಇಡೀ ಆಟ ಇರುವುದು ಅಲ್ಲೇ. ಫೋನಿನ ಆ್ಯಪ್ ಎಲ್ಲಾ ಬಳಸುತ್ತೇನೆ, ಜಿಪಿಎಸ್ ಹ್ಯಾಂಡಲ್ ಮೇಲೆ ಇರುತ್ತದೆ. ಆದರೆ ದಾರಿ ಗೀಚುವುದು ಮಾತ್ರ ಮಿಶೆಲಿನ್‌ನ ಕಾಗದದ ನಕ್ಷೆಯ ಮೇಲೆ, ನಂಬರ್ 332, ಈ ಎರಡೂ ಜಿಲ್ಲೆ ಒಂದರಲ್ಲೇ ಸಿಗುತ್ತವೆ. ಅದರಲ್ಲಿ ಕೆಂಪು ರಸ್ತೆ ಬಿಟ್ಟುಬಿಡಿ. ಹಳದಿ ಪರವಾಗಿಲ್ಲ. ಬಿಳಿ ರಸ್ತೆ ನಮ್ಮದು. ಬಿಳಿ ಪಕ್ಕದಲ್ಲಿ ಹಸಿರು ಗೆರೆ ಇದ್ದರಂತೂ ನೋಟ ಚೆನ್ನಾಗಿದೆ ಅಂತ ಅರ್ಥ, ಕಣ್ಣುಮುಚ್ಚಿ ಹೋಗಬಹುದು. ರಸ್ತೆಯ ಮೇಲೆ ಸಣ್ಣ ಬಾಣದ ತಲೆಗಳು ಇರುತ್ತವೆ: ಒಂದಿದ್ದರೆ ಶೇ. 5ರಿಂದ 9 ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕಿಂತ ಜಾಸ್ತಿ. ಬಾಣ ತೋರಿಸುವುದು ಏರುವ ದಿಕ್ಕನ್ನು. ನಾನು ಹೋಗುವ ದಿಕ್ಕಿಗೇ ಮೂರು ಬಾಣ ಇದ್ದರೆ ಲೂಪನ್ನೇ, ಅಂದರೆ ಹೊರಟಲ್ಲಿಗೇ ಮರಳುವ ಸುತ್ತುದಾರಿಯನ್ನೇ, ತಿರುಗಿಸಿ ಇನ್ನೊಂದು ಕಡೆಯಿಂದ ಹೋಗುತ್ತೇನೆ, ಅದರಲ್ಲಿ ನಾಚಿಕೆ ಏನು?

ಮೊದಲ ಲೂಪ್ ವೆಂಟೂವನ್ನು ಹತ್ತದೆ ಸುತ್ತು ಹಾಕುವುದು, ಒಟ್ಟು 110 ಕಿ.ಮೀ. ಆಸುಪಾಸು. ವೆಝೋನ್‌ನಿಂದ ಮೊಲ್ಲಾನ್, ಅಲ್ಲಿಂದ ತುಲುರಾಂ ಅನ್ನುವ ಸಣ್ಣ ಹೊಳೆಯ ಕಣಿವೆಗೆ ತಿರುಗಬೇಕು. ಇಲ್ಲಿಂದ ಮುಂದೆ ಬಲಗಡೆ ಪೂರ್ತಿ ವೆಂಟೂವಿನ ಉತ್ತರದ ಮೈ, ಕಾಡು ತುಂಬಿದ ಕಡಿದಾದ ಗೋಡೆ. ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಬೋಳು ಬಿಳಿ ತಲೆ ಇಲ್ಲಿ ಎಷ್ಟೋ ಹೊತ್ತು ಕಾಣುವುದೇ ಇಲ್ಲ. ರಸ್ತೆ ಮಾತ್ರ ಏರಿ ಇಳಿದು ಏರಿ ಇಳಿದು, ಯಾವುದೂ ದೊಡ್ಡ ಏರಲ್ಲ, ಆದರೆ ಒಂದೇ ಗೇರಿನಲ್ಲಿ ಐದು ನಿಮಿಷ ತುಳಿಯಲು ಬಿಡುವುದಿಲ್ಲ. ನಂದಿ ಬೆಟ್ಟದ ತರಹ ಒಂದೇ ಲಯ ಹಿಡಿದು ಹತ್ತಿ ಅಭ್ಯಾಸ ಆದವರಿಗೆ ಇದೇ ಜಾಸ್ತಿ ಸುಸ್ತು ಮಾಡುತ್ತದೆ. ಎಡಕ್ಕೆ ಬ್ರಾಂತ್ ಅನ್ನುವ ಹಳ್ಳಿ ಬಂಡೆಗೆ ಅಂಟಿಕೊಂಡು ಕೂತಿದೆ. ಅಲ್ಲಿಗೆ ಹೋಗಲು ದಾರಿ ಬಿಟ್ಟು ಸ್ವಲ್ಪ ಮೇಲೆ ಹತ್ತಬೇಕು, ಬೀದಿಗಳಲ್ಲಿ ಕಲ್ಲು ಹಾಸು, ರೋಡ್ ಸೈಕಲ್ ಶೂ ಹಾಕಿಕೊಂಡು ನಡೆದರೆ ಜಾರುತ್ತದೆ. ಆದರೂ ಹತ್ತಿ. ಎದುರಿಗೆ ಇಡೀ ಬೆಟ್ಟ ನಿಂತಿರುತ್ತದೆ.

ವೆಝೋನ್‌ನಿಂದ ಸುಮಾರು 40 ಕಿ.ಮೀ. ಆದ ಮೇಲೆ ಮೊಂಬ್ರನ್-ಲೆ-ಬಾಂ. ಗಂಧಕದ ನೀರಿನ ಸ್ನಾನಕ್ಕೆ ಹೆಸರಾದ ಊರು. ನನಗೆ ಮುಖ್ಯ ಅಂದರೆ ಅಲ್ಲಿ ತಿನ್ನಲು ಏನಾದರೂ ಸಿಗುತ್ತದೆ. ಈ ಸೀಮೆಯಲ್ಲಿ ಹೊಟ್ಟೆಯ ಲೆಕ್ಕ ಕಿಲೋಮೀಟರ್ ಲೆಕ್ಕಕ್ಕಿಂತ ದೊಡ್ಡದು. ಮಧ್ಯಾಹ್ನ ಹನ್ನೆರಡೂವರೆ ಆಯಿತು ಅಂದರೆ ಅಂಗಡಿ ಬಾಗಿಲು ಎಳೆಯುತ್ತಾರೆ, ಮೂರು ನಾಲ್ಕು ಗಂಟೆಯವರೆಗೆ ಯಾರೂ ಇಲ್ಲ. ಸೋಮವಾರ ಎಷ್ಟೋ ಬೇಕರಿಗಳು ದಿನವಿಡೀ ಬಂದ್. ಅದಕ್ಕೇ ಹನ್ನೆರಡರೊಳಗೆ ಬ್ರೆಡ್ ಕೈಯಲ್ಲಿರಬೇಕು ಅಂತ ದಾರಿ ಹೊಂದಿಸುತ್ತೇನೆ. ಒಳಗೆ ಹೋದ ತಕ್ಷಣ ‘ಬೊಂಝೂರ್’ ಅನ್ನಿ, ಅದನ್ನು ಹೇಳದೆ ನೇರ ಬೆರಳು ತೋರಿಸಿದರೆ ಮುಖ ಬಿಗಿಯಾಗುತ್ತದೆ. ಸಸ್ಯಾಹಾರಿಗಳು ಫುಗಾಸ್ ಅನ್ನುವ ಬ್ರೆಡ್ ತಗೊಳ್ಳುವಾಗ ಆಲಿವ್ ಹಾಕಿದ್ದೇ ಅಂತ ಕೇಳಿ, ಹಂದಿ ಮಾಂಸದ ಚೂರು ಹಾಕಿದ್ದೂ ಇರುತ್ತದೆ. ಪಿಕೊಡಾನ್ ಅನ್ನುವ ಪುಟ್ಟ ದುಂಡನೆಯ ಮೇಕೆ ಹಾಲಿನ ಚೀಸ್ ಜೊತೆ ತಿಂದರೆ ಊಟ ಮುಗಿಯಿತು. ಜೇಬಿನಲ್ಲಿ ಊರಿಂದ ಬಂದ ಕಡಲೆಕಾಯಿ ಚಿಕ್ಕಿ ಇದ್ದೇ ಇರುತ್ತದೆ. ಅಂಗಡಿಯ ಎನರ್ಜಿ ಬಾರ್‌ಗಿಂತ ಅಗ್ಗ, ಬಿಸಿಲಿಗೆ ಚಾಕೊಲೇಟ್ ತರಹ ಕರಗಿ ಕೈಗೆ ಮೆತ್ತಿಕೊಳ್ಳುವುದೂ ಇಲ್ಲ.

ನೀರಿಗೆ ಚಿಂತೆ ಕಡಿಮೆ. ಹೆಚ್ಚಿನ ಹಳ್ಳಿಗಳಲ್ಲಿ ಕಲ್ಲಿನ ತೊಟ್ಟಿಗೆ ನೀರು ಬೀಳುತ್ತಿರುತ್ತದೆ. ‘ಓ ನೋಂ ಪೊತಾಬ್ಲ್’ ಅಂತ ಬೋರ್ಡ್ ಇದ್ದರೆ ಕುಡಿಯಬಾರದು, ತಲೆಗೆ ಸುರಿದುಕೊಳ್ಳಿ ಅಷ್ಟೇ. ತೊಟ್ಟಿ ಸಿಗದ ಕಡೆ ಸ್ಮಶಾನದ ಗೇಟಿನ ಒಳಗೆ ನೋಡಿ, ಹೂಗಿಡಕ್ಕೆ ಹಾಕಲು ನಲ್ಲಿ ಇಟ್ಟಿರುತ್ತಾರೆ. ನಮಗೆ ಮೊದಲು ಒಂಥರಾ ಅನಿಸುತ್ತದೆ, ಅಲ್ವಾ? ಇಲ್ಲಿನ ಸೈಕಲ್ ಮಂದಿ ಎಲ್ಲರೂ ಮಾಡುವುದು ಅದನ್ನೇ.

ಮೊಂಬ್ರನ್‌ನಿಂದ ಒರೆಲ್ ಮೇಲೆ ಸೋ ಊರಿಗೆ ಏರು. ಸುತ್ತ ಲ್ಯಾವೆಂಡರ್ ಹೊಲ. ಜುಲೈನಲ್ಲಿ ನೇರಳೆ ಬಣ್ಣ ನೋಡಲು ಬರುವ ಕ್ಯಾಂಪರ್ ವ್ಯಾನುಗಳೂ ಅಷ್ಟೇ ಇರುತ್ತವೆ, ಆದ್ದರಿಂದ ನನಗೆ ಜೂನ್ ಮೊದಲ ವಾರ ಅಥವಾ ಸೆಪ್ಟೆಂಬರ್ ಇಷ್ಟ, ಹೂವು ಇಲ್ಲದಿದ್ದರೂ ಪರವಾಗಿಲ್ಲ. ಸೋ ದಾಟಿದರೆ ನೆಸ್ಕ್ ಕಮರಿ. ಇದು ಈ ಲೂಪಿನ ಬಹುಮಾನ. 734 ಮೀಟರ್ ಎತ್ತರದ ಕಾಸ್ತೆಲ್ಲರಾ ಎಂಬಲ್ಲಿ ನಿಂತರೆ ಎದುರಿಗೆ ದೊಡ್ಡ ಬಂಡೆ, ಕೆಳಗೆ ನದಿ ಎಲ್ಲಿದೆ ಅಂತ ಹುಡುಕಬೇಕು. ಅಲ್ಲಿಂದ ಸಣ್ಣ ಸಣ್ಣ ಸುರಂಗಗಳ ಮೂಲಕ ವಿಲ್-ಸುರ್-ಒಝೋನ್‌ವರೆಗೆ ಹದವಾದ ಇಳಿಜಾರು, ಬ್ರೇಕ್ ಮುಟ್ಟುವ ಕೆಲಸವೇ ಕಡಿಮೆ. ಆಮೇಲೆ ಬೆದ್ವಾಂ, ಅಲ್ಲಿಂದ ಮದ್ಲೇನ್ ಘಾಟಿ ದಾಟಿ ಮಾಲೊಸೆನ್, ವೆಝೋನ್. ಆಲ್ಪ್ಸ್‌ನಲ್ಲಿ ಇದೇ ಹೆಸರಿನ ಘಾಟಿ ಎರಡು ಸಾವಿರ ಮೀಟರ್ ಇದೆ. ಇದು ಬರೀ 448 ಮೀಟರ್. ಗಾಬರಿ ಬೇಡ.

ಗಾಳಿಗೆ ಮಾತ್ರ ಗಾಬರಿಯಾಗಬೇಕು. ಮಿಸ್ತ್ರಾಲ್ ಅನ್ನುವ ಉತ್ತರದ ಗಾಳಿ ಬೀಸಿದ ದಿನ ಆಕಾಶ ಕಣ್ಣು ಕುಕ್ಕುವಷ್ಟು ನೀಲಿ, ಹವಾಮಾನ ಅದ್ಭುತ ಅನಿಸುತ್ತದೆ, ಆದರೆ ಈ ಲೂಪಿನ ಕೊನೆಯಲ್ಲಿ ಬೆದ್ವಾಂನಿಂದ ಮೇಲೆ ಅದು ನೇರ ಎದೆಗೆ ಹೊಡೆಯುತ್ತದೆ. 2016ರ ಟೂರ್ ಡಿ ಫ್ರಾನ್ಸ್‌ನಲ್ಲಿ ಗಾಳಿಯ ಕಾರಣಕ್ಕೇ ವೆಂಟೂ ತುದಿಯಲ್ಲಿ ಮುಗಿಯಬೇಕಿದ್ದ ಓಟವನ್ನು ಕೆಳಗೆ ಶಲೇ ರೆನಾರ್ ಎಂಬಲ್ಲಿ ಮುಗಿಸಿದರು. ಅಂಥ ದಿನ ನಾನು ಎರಡನೇ ಲೂಪಿಗೆ ಹೋಗುತ್ತೇನೆ, ಕಣಿವೆಗಳ ಮರೆ ಇರುತ್ತದೆ.

ಅದು ಶುರುವಾಗುವುದು ಬ್ವಿ-ಲೆ-ಬರೊನಿ ಎಂಬಲ್ಲಿ. ಊರಿನಿಂದ ಉಬ್ರಿಯೋ ಕಮರಿ ದಾಟಿ 718 ಮೀಟರಿನ ‘ಎ’ ಅನ್ನುವ ಹೆಸರಿನ ಘಾಟಿ ಹತ್ತಬೇಕು. ಒಟ್ಟು ಏರು ಸುಮಾರು 350 ಮೀಟರ್, ಆರಾಮಾಗಿ ಮಾತಾಡುತ್ತಾ ಹತ್ತಬಹುದು. ಇಳಿದರೆ ಸೇಂಟ್-ಜಾಲ್, ಮುಂದೆ ಎಗ್ ನದಿ ಹಿಡಿದು ನಿಯೋನ್ಸ್. ಅಲ್ಲಿನ ಸುಕ್ಕು ಸುಕ್ಕಾದ ಕಪ್ಪು ಆಲಿವ್‌ಗೆ 1994ರಲ್ಲೇ ಸರ್ಕಾರದ ಮೂಲಸ್ಥಾನದ ಮುದ್ರೆ ಸಿಕ್ಕಿದೆ. ವಾಪಸ್ ಬರುವಾಗ ಮಿರಾಬೆಲ್, ಮೊಲ್ಲಾನ್, ಕಡೆಗೆ ಒಂಟಿ ಬಂಡೆಯ ತುದಿಯಲ್ಲಿ ಚರ್ಚು ಕಟ್ಟಿರುವ ಪಿಯರ್‌ಲಾಂಗ್.

ಇಳಿಯುವಾಗ ಒಂದು ಪದ ಕಣ್ಣಿಗೆ ಬಿದ್ದರೆ ತಕ್ಷಣ ವೇಗ ತಗ್ಗಿಸಿ: ‘ಗ್ರಾವಿಯೋಂ’. ಬೇಸಿಗೆಯಲ್ಲಿ ಸಣ್ಣ ರಸ್ತೆಗಳಿಗೆ ಡಾಂಬರು ಸುರಿದು ಮೇಲೆ ಜಲ್ಲಿ ಚೂರು ಹರಡಿ ಬಿಟ್ಟಿರುತ್ತಾರೆ, ಗಾಡಿಗಳು ಓಡಾಡಿ ಅದು ಕೂರಬೇಕು. ಕಾರಿನ ಗಾಲಿ ಓಡಿದ ಎರಡು ಕಪ್ಪು ಪಟ್ಟಿ ಗಟ್ಟಿ ಇರುತ್ತವೆ. ನಡುವೆ ಮತ್ತು ತಿರುವಿನ ಹೊರ ಅಂಚಿನಲ್ಲಿ ಚೂರುಗಳು ಗುಡ್ಡೆಯಾಗಿರುತ್ತವೆ, ಟಣ್ ಟಣ್ ಅಂತ ಫ್ರೇಮಿಗೆ ಸಿಡಿಯುತ್ತವೆ. ಆ ಪಟ್ಟಿ ಬಿಡಬೇಡಿ, ಸೈಕಲ್ ವಾಲಿಸಬೇಡಿ, ಬ್ರೇಕ್ ಎಲ್ಲಾ ತಿರುವಿಗೆ ಮೊದಲೇ ಮುಗಿಸಿ. ಇದಕ್ಕೇ ನಾನು 28 ಮಿ.ಮೀ. ಟೈರ್ ಹಾಕಿಸಿದ್ದು. ಗೇರು ಅಂದರೆ ಮುಂದಿನ ಎರಡು ಹಲ್ಲುಚಕ್ರಗಳಿಗೆ 50 ಮತ್ತು 34 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 34 ಹಲ್ಲು. ಇದಕ್ಕಿಂತ ಬಿಗಿ ಗೇರು ಸುಮ್ನೆ ಶೋಕಿ.

ಕಾರಿನವರು ಊರ ಹೊರಗೆ ಒಂದೂವರೆ ಮೀಟರ್ ಬಿಟ್ಟು ದಾಟಬೇಕು ಅಂತ ಕಾನೂನಿದೆ, ಹಳ್ಳಿ ರಸ್ತೆಯಲ್ಲಿ ನಾನು ಕಂಡಂತೆ ಪಾಲಿಸುತ್ತಾರೆ ಕೂಡ. ನಾವು ಹುಷಾರಾಗಿರಬೇಕಾದದ್ದು ಊರೊಳಗೆ: ಬೋರ್ಡ್ ಇಲ್ಲದ ಕಡೆ ಬಲಗಡೆಯ ಗಲ್ಲಿಯಿಂದ ಬರುವವರಿಗೆ ಮೊದಲ ಹಕ್ಕು, ಅವರು ನಿಲ್ಲಿಸುವುದಿಲ್ಲ.

ಇಷ್ಟೆಲ್ಲ ಕೇಳಿಯೂ ವೆಂಟೂ ಹತ್ತಲೇಬೇಕು ಅಂತ ಇದ್ದರೆ ಸೋ ಊರಿನ ಕಡೆಯಿಂದ ಹತ್ತಿ. 26 ಕಿ.ಮೀ. ಉದ್ದ, ಆದರೆ ಬಹುಪಾಲು ಮೆಲ್ಲಗೆ ಏರುತ್ತದೆ. ಬೆದ್ವಾಂ ಕಡೆಯ ಕಾಡಿನಲ್ಲಿ ಶೇ. 9, 10ರ ಏರು ಬಿಡುವಿಲ್ಲದೆ ಬರುವ ಹಾಗೆ ಇಲ್ಲಿ ಇಲ್ಲ. ಶಲೇ ರೆನಾರ್‌ನಲ್ಲಿ ಎರಡೂ ದಾರಿ ಸೇರುತ್ತವೆ, ಕೊನೆಯ ಆರು ಕಿಲೋಮೀಟರ್ ಎಲ್ಲರಿಗೂ ಒಂದೇ. ಜುಲೈ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಜೇಬಿನಲ್ಲಿರಲಿ. ಇಳಿಯುವುದು ಮಾಲೊಸೆನ್ ಕಡೆಗೆ, ವೆಝೋನ್ ಅಲ್ಲಿಂದ ಹತ್ತಿರ.